ಹಳೆಯ ಪಿಯಾನೊ ಕಮ್ಮಟಕ್ಕೆ ಹೊರಡುವ ಮುನ್ನ: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೈಡನ್, ಮೊಜಾರ್ಟ್, ಬೀಥೊವನ್ ಕಾಲದ ಪಿಯಾನೊಗಳಿಗೆ ಈಗ ಫೋರ್ಟೆಪಿಯಾನೊ ಎಂಬ ಹೆಸರು ರೂಢಿಯಲ್ಲಿದೆ. ಅವುಗಳನ್ನು ನುಡಿಸಲು ಕಲಿಸುವ ಒಂದು ವಾರದ ಬೇಸಿಗೆ ಕಮ್ಮಟಗಳು ಅಮೆರಿಕ, ಯುರೋಪುಗಳಲ್ಲಿ ನಡೆಯುತ್ತವೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಮಗಳು ಪಿಯಾನೊದಲ್ಲಿ ಎಂಟನೇ ಗ್ರೇಡ್ ಮುಗಿಸಿದ್ದಾಳೆ. ರಜೆಗೆ ಅಮೆರಿಕದ ಚಿಕ್ಕಪ್ಪನ ಮನೆಗೆ ಹೋಗುವವಳು ಅಲ್ಲೇ ಒಂದು ಫೋರ್ಟೆಪಿಯಾನೊ ಕಮ್ಮಟ ಸೇರುವ ಆಸೆಯಲ್ಲಿದ್ದಾಳೆ. ಇದುವರೆಗೆ ಅಂಥ ವಾದ್ಯ ಮುಟ್ಟಿಲ್ಲ. ಮನೆಯಲ್ಲೇ ಏನು ತಯಾರಿ ಮಾಡಿಸಲಿ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಮುಟ್ಟಿಲ್ಲವೆಂದು ಹಿಂಜರಿಯಬೇಡಿ. ಇಂಥ ಕಮ್ಮಟಗಳಿಗೆ ಬರುವವರಲ್ಲಿ ಹೆಚ್ಚಿನವರು ಇಂದಿನ ಪಿಯಾನೊ ಕಲಿತವರೇ. ಆದರೆ ಯಾವ ಕೃತಿ ಒಯ್ಯಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ. ಅಲ್ಲಿ ಹೋಗಿ ಹೊಸದನ್ನು ಓದುತ್ತ ಕುಳಿತರೆ ವಾದ್ಯದ ಕಡೆ ಗಮನವೇ ಹೋಗುವುದಿಲ್ಲ.

ಮೊಜಾರ್ಟ್ ಕಾಲದ ವಿಯೆನ್ನಾ ಪಿಯಾನೊಗೆ ಐದು ಸ್ಥಾಯಿ, 61 ಕೀ. ನಿಮ್ಮ ಮನೆಯ 88 ಕೀಗಳಲ್ಲಿ ಎಡದಿಂದ ಎಣಿಸಿದರೆ 9ನೆಯದು ಅದರ ಮೊದಲ ಕೀ, 69ನೆಯದು ಕೊನೆಯದು. ಎರಡೂ ಎಫ್ ಸ್ವರ. ಆಚೀಚೆಯ ಕೀಗಳ ಮೇಲೆ ಕಾಗದದ ಟೇಪ್ ಅಂಟಿಸಿ ಒಂದು ವಾರ ನುಡಿಸಲಿ. ಕೃತಿ ಟೇಪಿನಾಚೆ ಹೋದರೆ ಅದು ಬೇರೆ ಪಿಯಾನೊದ ಕೃತಿ. ಉದಾಹರಣೆಗೆ ಬೀಥೊವನ್‌ನ ವಾಲ್ಡ್‌ಸ್ಟೈನ್ ಸೊನಾಟ ಈ ಐದು ಸ್ಥಾಯಿಯಲ್ಲಿ ಹಿಡಿಸುವುದಿಲ್ಲ. ಅವನದೇ ಓಪಸ್ 2ರ ಮೊದಲ ಸೊನಾಟ ಹಿಡಿಸುತ್ತದೆ.

ಮೊದಲ ಸಲಕ್ಕೆ ಮೊಜಾರ್ಟ್‌ನ ಡಿ ಮೈನರ್ ಫ್ಯಾಂಟಸಿ, ಕೆ. 397 ಒಳ್ಳೆಯ ಆಯ್ಕೆ. ಅದರಲ್ಲಿ ಮೌನಗಳು ಹೆಚ್ಚು, ಮೆಲುದನಿಯಿಂದ ಗಟ್ಟಿದನಿಗೆ ಥಟ್ಟನೆ ಹಾರುವ ಕಡೆಗಳೂ ಹೆಚ್ಚು. ಎರಡನ್ನೂ ಈ ವಾದ್ಯ ಸೊಗಸಾಗಿ ಹೇಳುತ್ತದೆ. ಕೈ ಪಳಗಿದ್ದರೆ ಹೈಡನ್‌ನ ಇ ಫ್ಲಾಟ್ ಸೊನಾಟ, ಅವನ ಕೃತಿಗಳ ಹೊಬೊಕೆನ್ ಪಟ್ಟಿಯ 16:49, ನೋಡಿ. ಅದನ್ನು ಅವನು 1789–90ರಲ್ಲಿ ಮರಿಯಾನ್ನೆ ಫಾನ್ ಗೆಂಟ್ಸಿಂಗರ್ ಎಂಬಾಕೆಗಾಗಿ ಬರೆದ. ಬರೆದು ಸುಮ್ಮನಾಗದೆ, ಶಾಂಟ್ಸ್ ಎಂಬ ತಯಾರಕನ ಪಿಯಾನೊ ಕೊಳ್ಳಿ ಎಂದು ಪತ್ರದಲ್ಲಿ ಸಲಹೆಯನ್ನೂ ಕೊಟ್ಟ. ಎರಡು ಕೃತಿ ಸಾಕು, ಮೂರನೆಯದು ಹೊರೆ.

ಅಭ್ಯಾಸದ ಕ್ರಮ ಹೀಗಿರಲಿ. ಹೊರಡುವ ಮೊದಲಿನ ಮೂರು ವಾರ ಪೆಡಲಿಗೆ ಕಾಲು ಇಡುವುದೇ ಬೇಡ. ಬಲಪೆಡಲು ಇಷ್ಟು ದಿನ ಏನನ್ನೆಲ್ಲ ಮುಚ್ಚಿಟ್ಟಿತ್ತು ಎಂಬುದು ಎರಡನೇ ದಿನವೇ ಕಿವಿಗೆ ಬೀಳುತ್ತದೆ. ಬೆರಳು ಕೀ ಬಿಟ್ಟು ಮೇಲಕ್ಕೆ ಎದ್ದು ಬಡಿಯಬಾರದು, ಕೀಯ ಮೈ ಮುಟ್ಟಿಕೊಂಡೇ ಶುರುವಾಗಬೇಕು. ತೋಳಿನ ಭಾರ ಹಾಕುವ ಅಭ್ಯಾಸವಿದ್ದರೆ ಅದನ್ನು ಕಳೆಯಬೇಕು. ಇಂದಿನ ಪಿಯಾನೊದಲ್ಲಿ ಕೀ ಒತ್ತಲು ಸುಮಾರು 50 ಗ್ರಾಂ ಭಾರ ಬೇಕಾದರೆ ಅಲ್ಲಿ ಅದರ ಅರ್ಧವೂ ಬೇಡ. ಇಲ್ಲಿ ಕೀ ಸುಮಾರು 10 ಮಿ.ಮೀ. ಇಳಿದರೆ ಅಲ್ಲಿ ಹೆಚ್ಚೆಂದರೆ ಆರು. ಕೀಗಳ ಅಗಲವೂ ಕಿರಿದು: ಇಂದಿನ ಒಂದು ಸ್ಥಾಯಿ 165 ಮಿ.ಮೀ. ಇದ್ದರೆ ವಿಯೆನ್ನಾದ ಹಳೆಯ ಪಿಯಾನೊದಲ್ಲಿ ಸುಮಾರು 160. ಇದರಿಂದ ಮೊದಲ ದಿನ ಎಡಗೈ ಸ್ಥಾಯಿ ಹಾರುವಾಗೆಲ್ಲ ಒಂದು ಕೀ ಆಚೆ ಹೋಗಿ ಬೀಳುತ್ತದೆ. ಹಲವು ವಾದ್ಯಗಳಲ್ಲಿ ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ ಬೇರೆ. ಇದೆಲ್ಲ ಒಂದು ದಿನದ ಗಲಿಬಿಲಿ, ಅಷ್ಟೇ.

ಮಗಳಿಗೆ ಸ್ವರ ಕೇಳಿದ ಕೂಡಲೇ ಹೆಸರು ಹೇಳುವ ಕಿವಿ ಇದ್ದರೆ ಇನ್ನೊಂದು ಮಾತು. ಈ ವಾದ್ಯಗಳ ಶ್ರುತಿ ಸಾಮಾನ್ಯವಾಗಿ ಎ ಸ್ವರಕ್ಕೆ 430 ಹರ್ಟ್ಜ್, ಅಂದರೆ ಇಂದಿನ 440ಕ್ಕಿಂತ ಸುಮಾರು 40 ಸೆಂಟ್ (ಅರ್ಧ ಸ್ವರವೆಂದರೆ 100 ಸೆಂಟ್) ಕೆಳಗೆ. ಅರ್ಧ ಸ್ವರವೂ ಪೂರ್ತಿ ಇಳಿದಿಲ್ಲ, ಇದ್ದಲ್ಲೂ ಇಲ್ಲ. ಅಂಥ ಕಿವಿಯವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕಿರಿಕಿರಿ. ಮನೆಯಲ್ಲಿ ಡಿಜಿಟಲ್ ಕೀಬೋರ್ಡ್ ಇದ್ದರೆ ಶ್ರುತಿಯನ್ನು 430ಕ್ಕೆ ಇಳಿಸಿ ಒಂದೆರಡು ವಾರ ನುಡಿಸಲಿ.

ಪ್ರಶ್ನೆ: ಅರ್ಜಿಯಲ್ಲಿ 'ವಿಯೆನ್ನಾ ಮಾದರಿಯೋ ಇಂಗ್ಲಿಷ್ ಮಾದರಿಯೋ' ಎಂದು ಕೇಳಿದ್ದಾರೆ. ಯಾವುದನ್ನು ಬರೆಯಲಿ? (ಸಂಗೀತ ವಿದ್ಯಾರ್ಥಿ, ಧಾರವಾಡ)

ಉತ್ತರ: ನುಡಿಸುವ ಕೃತಿ ಯಾವುದೆಂದು ನೋಡಿ ಬರೆಯಿರಿ. ಹೈಡನ್, ಮೊಜಾರ್ಟ್, ಶೂಬರ್ಟ್ ಆದರೆ ವಿಯೆನ್ನಾ. ಕ್ಲೆಮೆಂಟಿ, ಡುಸೆಕ್ ಆದರೆ ಇಂಗ್ಲಿಷ್. ಎರಡರ ಒಳಗಿನ ಕೆಲಸ ಬೇರೆ ಬೇರೆ.

ವಿಯೆನ್ನಾ ಪಿಯಾನೊದಲ್ಲಿ ಸುತ್ತಿಗೆ ಕೂತಿರುವುದು ಕೀಯ ಹಿಂದುಗಡೆಯ ತುದಿಯ ಮೇಲೇ, ತಲೆ ನುಡಿಸುವವರ ಕಡೆಗೆ. ಕೀ ಒತ್ತಿದಾಗ ಹಿಂತುದಿ ಏಳುತ್ತದೆ. ಸುತ್ತಿಗೆಯ ಬಾಲದ ಕೊಕ್ಕು ಒಂದು ಸ್ಪ್ರಿಂಗ್ ಕಂಬಕ್ಕೆ ಸಿಕ್ಕಿಕೊಂಡು, ಸುತ್ತಿಗೆ ಏತದಂತೆ ಚಿಮ್ಮಿ ತಂತಿಗೆ ತಾಗುತ್ತದೆ. ತಾಗುವ ಮುನ್ನವೇ ಕಂಬ ಕೊಕ್ಕನ್ನು ಬಿಟ್ಟುಕೊಡುತ್ತದೆ. ಇದೇ ಎಸ್ಕೇಪ್‌ಮೆಂಟ್. ಔಗ್ಸ್‌ಬುರ್ಗ್‌ನ ಯೋಹಾನ್ ಆಂಡ್ರಿಯಾಸ್ ಸ್ಟೈನ್ ಇದನ್ನು ಹದಕ್ಕೆ ತಂದ. 1777ರ ಅಕ್ಟೋಬರ್‌ನಲ್ಲಿ ಮೊಜಾರ್ಟ್ ಅಪ್ಪನಿಗೆ ಬರೆದ ಪತ್ರದಲ್ಲಿ ಇದನ್ನೇ ಹೊಗಳಿದ್ದು. ಇಂಗ್ಲಿಷ್ ಪಿಯಾನೊದಲ್ಲಿ ಸುತ್ತಿಗೆಗಳು ಬೇರೆಯೇ ಪಟ್ಟಿಗೆ ಕಟ್ಟಿರುತ್ತವೆ, ಕೀಯ ಮೇಲಿನ ಗೂಟ ಅವುಗಳನ್ನು ಕೆಳಗಿನಿಂದ ತಳ್ಳುತ್ತದೆ. ಕೀ ಭಾರ, ಇಳಿತ ಆಳ, ನಾದ ದುಂಡು. ಡ್ಯಾಂಪರ್‌ಗಳು, ಅಂದರೆ ತಂತಿಯ ಮೇಲೆ ಕೂತು ನಾದ ನಿಲ್ಲಿಸುವ ತುಂಡುಗಳು, ಹಗುರವಾದ್ದರಿಂದ ಕೈ ಎತ್ತಿದ ಮೇಲೂ ನಾದದ ಎಳೆಯೊಂದು ಉಳಿಯುತ್ತದೆ. ವಿಯೆನ್ನಾದ ಡ್ಯಾಂಪರ್ ಕತ್ತರಿ ಹಾಕಿದಂತೆ ನಿಲ್ಲಿಸುತ್ತದೆ.

ಹೊಸಬರು ವಿಯೆನ್ನಾದಿಂದ ಶುರು ಮಾಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಅದರಲ್ಲಿ ತಪ್ಪು ಮುಚ್ಚುವುದಿಲ್ಲ. ಶೊಪ್ಯಾನ್ ನುಡಿಸುವ ಆಸೆಯಿದ್ದರೆ ಎರಡೂ ಬೇಡ, 1830–40ರ ದಶಕದ ಪ್ಯಾರಿಸ್ ತಯಾರಕರಾದ ಪ್ಲೆಯೆಲ್ ಅಥವಾ ಎರಾರ್‌ರ ಪಿಯಾನೊ ಇರುವ ಕಡೆ ಹುಡುಕಿ. ಹಳೆಯ ವಾದ್ಯಗಳ ಮೇಲೆಯೇ ನಡೆಯುವ ಶೊಪ್ಯಾನ್ ಸ್ಪರ್ಧೆ ವಾರ್ಸಾದಲ್ಲಿ 2018ರಲ್ಲಿ ಶುರುವಾಯಿತು.

ಪ್ರಶ್ನೆ: ಇಲ್ಲಿನ ಸಂಗೀತ ಶಾಲೆಯಲ್ಲಿ ಈಚೆಗೆ ವಾಲ್ಟರ್ (ಮೊಜಾರ್ಟ್ ಕಾಲದ ವಿಯೆನ್ನಾ ತಯಾರಕ) ಮಾದರಿಯ ಪಿಯಾನೊ ನುಡಿಸಲು ಬಿಟ್ಟಿದ್ದಾರೆ. ಮೆಲ್ಲಗೆ ಒತ್ತಿದರೆ ಸ್ವರವೇ ಬರುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ಒಂದೇ ಸ್ವರ ಎರಡು ಸಲ ಬಡಿಯುತ್ತದೆ. ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲು ನುಡಿಸುವುದು) ಅಂತೂ ನಡುವೆ ಸತ್ತುಹೋಗುತ್ತದೆ. ವಾದ್ಯ ಕೆಟ್ಟಿದೆಯೆ? (ಮ್ಯೂನಿಕ್‌ನಲ್ಲಿರುವ ಕನ್ನಡಿಗರು)

ಉತ್ತರ: ಮೂರೂ ದೂರು ಒಂದೇ ಬೇರಿನವು. ವಾದ್ಯ ಕೆಟ್ಟಿರುವ ಸಾಧ್ಯತೆ ಇಲ್ಲದಿಲ್ಲ, ಆದರೆ ಮೊದಲು ಕೈ ನೋಡಿಕೊಳ್ಳಿ.

ಮೆಲುದನಿಗೆ ನಿಧಾನವಾಗಿ ಒತ್ತುತ್ತಿದ್ದೀರಿ. ಸುತ್ತಿಗೆಯನ್ನು ಕೀ ಕೊನೆಯವರೆಗೂ ಕೈಹಿಡಿದು ಒಯ್ಯುವುದಿಲ್ಲ, ಎಸೆಯುತ್ತದೆ. ಎಸೆತಕ್ಕೆ ವೇಗ ಸಾಲದಿದ್ದರೆ ಸುತ್ತಿಗೆ ತಂತಿ ಮುಟ್ಟದೆ ಮರಳುತ್ತದೆ. ಬೆರಳ ತುದಿ ಚುರುಕಾಗಿಯೇ ಇರಲಿ, ಹಿಂದಿನ ಭಾರ ಮಾತ್ರ ತೆಗೆಯಿರಿ. ವೀಣೆ ಕಲಿತವರಿಗೆ ಇದು ಬೇಗ ಹಿಡಿಸುತ್ತದೆ: ಮೆಲ್ಲಗೆ ಮೀಟುವುದೆಂದರೆ ನಿಧಾನವಾಗಿ ಮೀಟುವುದಲ್ಲ.

ಎರಡು ಸಲ ಬಡಿಯುವುದು ಕೀಯನ್ನು ತಳಕ್ಕೆ ಒತ್ತಿ ಹಿಡಿಯುವುದರಿಂದ. ಸುತ್ತಿಗೆಯ ತಲೆ ಬಲು ಹಗುರ, ಮರದ ಮೇಲೆ ಕೆಲವು ಪದರ ಚರ್ಮ ಅಷ್ಟೆ. ಜೋರಾಗಿ ಚಿಮ್ಮಿದ್ದು ಮರಳಿ ಬಿದ್ದು, ಪುಟಿದು, ಇನ್ನೊಮ್ಮೆ ತಂತಿ ಮುಟ್ಟುತ್ತದೆ. ಮರಳಿದ ಸುತ್ತಿಗೆಯನ್ನು ಹಿಡಿದು ನಿಲ್ಲಿಸಲು ವಾಲ್ಟರ್ ಮಾದರಿಯಲ್ಲಿ ಚರ್ಮ ಹೊದಿಸಿದ ಪಟ್ಟಿಯಿದೆ, ಅದು ಸವೆದಿದ್ದರೂ ಹೀಗಾಗುತ್ತದೆ. ಪರೀಕ್ಷೆ ಸುಲಭ: ಸ್ವರ ಬಂದ ಕ್ಷಣವೇ ಬೆರಳ ಒತ್ತಡ ಸಡಿಲಿಸಿ, ಕೀ ಬಿಡಬೇಡಿ. ಹಾಗೆ ಮಾಡಿದಾಗಲೂ ಎಲ್ಲ ಕೀಗಳೂ ಎರಡೆರಡು ಸಲ ಬಡಿದರೆ, ಅಥವಾ ಒಂದೆರಡು ಕೀ ಮಾತ್ರ ಬಡಿದು ಉಳಿದವು ಸರಿಯಿದ್ದರೆ, ಅದು ವಾದ್ಯದ ದೋಷ. ತಂತ್ರಜ್ಞರಿಗೆ ಆ ಕೀಗಳ ಹೆಸರು ಬರೆದುಕೊಡಿ.

ಟ್ರಿಲ್ ಸಾಯುವುದೇಕೆಂದರೆ ಕೀ ಪೂರ್ತಿ ಮೇಲೆ ಬರದೆ ಕೊಕ್ಕು ಮತ್ತೆ ಕಂಬದ ಕೆಳಗೆ ಸೇರುವುದಿಲ್ಲ. ಕೀ ಅರ್ಧ ಏಳುವಷ್ಟರಲ್ಲೇ ಮತ್ತೆ ಬಡಿಯಬಹುದಾದ ಎರಡು ಹಂತದ ಎಸ್ಕೇಪ್‌ಮೆಂಟಿಗೆ ಸೆಬಾಸ್ಟಿಯನ್ ಎರಾರ್ ಹಕ್ಕುಪತ್ರ ಪಡೆದದ್ದು 1821ರಲ್ಲಿ. ನಿಮ್ಮ ಕೈಗೆ ಆ ಸೌಕರ್ಯ ರೂಢಿಯಾಗಿದೆ. ಆದ್ದರಿಂದ ಟ್ರಿಲ್‌ನಲ್ಲಿ ಬೆರಳು ಒತ್ತುವುದರ ಬಗ್ಗೆ ಯೋಚಿಸದೆ ಬಿಡುವುದರ ಬಗ್ಗೆ ಯೋಚಿಸಿ. ಇಳಿತ ಆರು ಮಿ.ಮೀ. ಒಳಗಿರುವಾಗ ಪೂರ್ತಿ ಬಿಡುವುದು ದೊಡ್ಡ ಶ್ರಮವೇನಲ್ಲ. ಮೊದಲು ನಾಲ್ಕು ಸ್ವರ, ಆಮೇಲೆ ಆರು, ಹೀಗೆ ಎಣಿಸಿಕೊಂಡೇ ಬೆಳೆಸಿ.

ಬಡಿಯುವವರ ಕಾಟ ಹಳೆಯದು. ಸ್ಟೈನ್‌ನ ಮಗಳು ನಾನೆಟ್ ವಿಯೆನ್ನಾದಲ್ಲಿ ಪಿಯಾನೊ ಕಾರ್ಖಾನೆ ನಡೆಸಿದವಳು. ಅವಳ ಗಂಡ ಆಂಡ್ರಿಯಾಸ್ ಸ್ಟ್ರೈಖರ್ ಗಿರಾಕಿಗಳಿಗೆಂದು 1801ರಲ್ಲಿ ಒಂದು ಚಿಕ್ಕ ಕೈಪಿಡಿ ಅಚ್ಚು ಹಾಕಿಸಿದ. ಪಿಯಾನೊವನ್ನು ಹಗೆಯಂತೆ ಹೊಡೆಯುವ ವಾದಕನ ಅಣಕು ಚಿತ್ರ ಅದರಲ್ಲಿದೆ.

ಪ್ರಶ್ನೆ: ಪೆಡಲೇ ಇಲ್ಲದೆ ಮೂನ್‌ಲೈಟ್ ಸೊನಾಟ ನುಡಿಸುವುದು ಹೇಗೆ? (ಮಂಗಳೂರು, ಮೈಸೂರಿನಿಂದ ಮೂರು ಪತ್ರ)

ಉತ್ತರ: ವಿಯೆನ್ನಾದ ಆ ಕಾಲದ ಪಿಯಾನೊದಲ್ಲಿ ಪೆಡಲು ಇಲ್ಲ, ಅದರ ಕೆಲಸ ಇದೆ. ಕೀಬೋರ್ಡಿನ ಅಡಿಯಲ್ಲಿ ಮರದ ಸನ್ನೆಗಳಿವೆ, ಮೊಣಕಾಲಿನಿಂದ ಮೇಲಕ್ಕೆ ಎತ್ತಬೇಕು. ಮುಂಗಾಲು ನೆಲದಲ್ಲಿರಲಿ, ಹಿಮ್ಮಡಿ ಎದ್ದರೆ ಮೊಣಕಾಲು ತಾನಾಗಿ ಏಳುತ್ತದೆ. ತೊಡೆ ಎತ್ತಲು ಹೋದರೆ ಸೊಂಟ ಬಿಗಿಯುತ್ತದೆ, ಹತ್ತು ನಿಮಿಷದಲ್ಲಿ ಬೆನ್ನು ನೋವು.

ಇಲ್ಲಿ ಎಲ್ಲವೂ ಕುರ್ಚಿಯ ಎತ್ತರದ ಮೇಲೆ ನಿಂತಿದೆ. ಕುರ್ಚಿ ಎತ್ತರವಾದರೆ ಸನ್ನೆ ಮೊದಲೇ ಒತ್ತಿಕೊಂಡು ಡ್ಯಾಂಪರ್‌ಗಳು ಎದ್ದೇ ಇರುತ್ತವೆ, ನಾದವೆಲ್ಲ ಕಲಸುಮೇಲೋಗರ. ತಗ್ಗಾದರೆ ಮೊಣಕಾಲು ಸನ್ನೆಗೆ ಎಟಕುವುದಿಲ್ಲ. ಸುಮ್ಮನೆ ಕುಳಿತಾಗ ಮೊಣಕಾಲಿಗೂ ಸನ್ನೆಗೂ ನಡುವೆ ಒಂದು ಬೆರಳು ಹಿಡಿಸಬೇಕು. ನಾದ ಯಾಕೋ ಮಬ್ಬಾಗಿದೆ ಎಂದು ದೂರುವ ಮೊದಲು ಕೆಳಗೆ ಬಗ್ಗಿ ನೋಡಿ. ದಪ್ಪ ನೆರಿಗೆಯ ಉಡುಪೂ ಸನ್ನೆಯನ್ನು ತಳ್ಳಿಹಿಡಿಯಬಲ್ಲದು. ತೆಳ್ಳನೆ ಅಡಿಯ ಬೂಟು ಹಾಕಿಕೊಳ್ಳಿ.

ಮೂನ್‌ಲೈಟಿನ ಮೊದಲ ಭಾಗಕ್ಕೆ ಬೀಥೊವನ್ ಬರೆದ ಸೂಚನೆ 'ಸೆಂಜ಼ಾ ಸೊರ್ದೀನೊ', ಅಂದರೆ ಡ್ಯಾಂಪರ್ ಇಲ್ಲದೆ. ಇಡೀ ಭಾಗ ಸನ್ನೆ ಎತ್ತಿಯೇ ಇಡಬೇಕೆಂದು ಅದನ್ನು ಓದಿಕೊಳ್ಳಬಹುದು. ಇಂದಿನ ಪಿಯಾನೊದಲ್ಲಿ ಹಾಗೆ ಮಾಡಿದರೆ ನಾಲ್ಕನೇ ಬಾರಿನಲ್ಲೇ (ಬಾರ್ ಎಂದರೆ ತಾಳದ ಒಂದು ಅಳತೆ) ಕೆಸರು. ಹಳೆಯದರಲ್ಲಿ ತಂತಿ ತೆಳು, ನಾದ ಬೇಗ ಆರುತ್ತದೆ. ಹಿಂದಿನ ಸ್ವರಮೇಳದ ಮಸುಕು ಹೊಸದರ ಹಿಂದೆ ತಂಬೂರಿಯ ಹಾಗೆ ನಿಲ್ಲುತ್ತದೆ. ಆದರೂ ಎರಡು ಎಚ್ಚರ. ಮಂದ್ರ ಸ್ವರಗಳನ್ನು ಎಡಗೈ ತೀರ ಹಗುರವಾಗಿ ಮುಟ್ಟಬೇಕು. ಮತ್ತು ಕಾಲಪ್ರಮಾಣ ಎಳೆಯಬಾರದು: ಬಾರಿಗೆ ನಾಲ್ಕಲ್ಲ, ಎರಡು ಎಣಿಕೆ ಎಂದೇ ಅವನು ಬರೆದಿದ್ದಾನೆ. ನಿಧಾನ ಮಾಡಿದಷ್ಟೂ ಮೇಲಿನ ಸ್ವರ ಮುಂದಿನ ಸ್ವರ ಬರುವ ಮೊದಲೇ ಸತ್ತಿರುತ್ತದೆ.

ಇನ್ನೊಂದು ಸನ್ನೆ ಅಥವಾ ಗುಂಡಿ ಮಾಡರೇಟರ್. ಅದು ಸುತ್ತಿಗೆ ಮತ್ತು ತಂತಿಯ ನಡುವೆ ಬಟ್ಟೆಯ ನಾಲಿಗೆಗಳ ಸಾಲನ್ನು ತರುತ್ತದೆ. ನಾದ ಕಂಬಳಿ ಹೊದ್ದಂತೆ. ಚೆಂದವೆಂದು ಎಲ್ಲ ಕಡೆ ಬಳಸುವ ಚಟ ಕಮ್ಮಟದಲ್ಲಿ ಎಲ್ಲರಿಗೂ ಎರಡು ದಿನ ಹಿಡಿಯುತ್ತದೆ.

ಪ್ರಶ್ನೆ: ಹಳೆಯ ಸಂಗೀತದಲ್ಲಿ ಸ್ವರಗಳನ್ನು ಬಿಡಿಸಿ ನುಡಿಸಬೇಕೋ ಜೋಡಿಸಿಯೋ? ಗುರುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಶಿವಮೊಗ್ಗ)

ಉತ್ತರ: ಹಳಬರೂ ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ಬಿಡಿಸು ಎಂದೂ ಜೋಡಿಸು ಎಂದೂ ಗುರುತಿಲ್ಲದ ಸ್ವರವನ್ನು ಅದರ ಅರ್ಧ ಕಾಲ ಹಿಡಿಯಬೇಕೆಂದು ಸಿ.ಪಿ.ಇ. ಬಾಖ್ 1753ರಲ್ಲಿ ಬರ್ಲಿನ್‌ನಲ್ಲಿ ಬರೆದ. ಗುರುತಿಲ್ಲದಿದ್ದರೆ ಜೋಡಿಸುವುದೇ ಮೇಲೆಂದು ಕ್ಲೆಮೆಂಟಿ 1801ರಲ್ಲಿ ಲಂಡನ್‌ನಲ್ಲಿ ಬರೆದ. ನಡುವೆ ಸುಮಾರು ಐವತ್ತು ವರ್ಷ, ಮತ್ತು ಎರಡು ಬಗೆಯ ವಾದ್ಯ. ನಿಮ್ಮ ಕೃತಿ ಯಾವ ದಡಕ್ಕೆ ಹತ್ತಿರ ಎಂದು ನೋಡಿ.

ಆದರೆ ಸ್ವರಗಳನ್ನು ಜೋಡಿಸುವ ಸ್ಲರ್ ಎಂಬ ಬಾಗುಗೆರೆಯ ವಿಷಯದಲ್ಲಿ ಗೊಂದಲ ಕಡಿಮೆ. ಎರಡು ಸ್ವರದ ಮೇಲೆ ಗೆರೆಯಿದ್ದರೆ ಮೊದಲನೆಯದಕ್ಕೆ ಒತ್ತು, ಎರಡನೆಯದು ಹಗುರ, ಮತ್ತು ತುಸು ಬೇಗ ಬಿಡಬೇಕು. 'ಅಮ್ಮ' ಎನ್ನುವಾಗ ಕೊನೆಯ ಅಕ್ಷರ ಇಳಿಯುವ ಹಾಗೆ. ಅದಕ್ಕೇ ಯಾವ ಮುದ್ರಣ ಒಯ್ಯುತ್ತೀರಿ ಎಂಬುದು ಮುಖ್ಯ. ಹತ್ತೊಂಬತ್ತನೆಯ ಶತಮಾನದ ಸಂಪಾದಕರು ಮೊಜಾರ್ಟ್‌ನ ಚಿಕ್ಕ ಚಿಕ್ಕ ಗೆರೆಗಳನ್ನು ಅಳಿಸಿ ನಾಲ್ಕು ಬಾರಿನ ಉದ್ದಗೆರೆ ಎಳೆದ ಪ್ರತಿಗಳು ಇನ್ನೂ ಮಾರಾಟದಲ್ಲಿವೆ. 'ಉರ್‌ಟೆಕ್ಸ್ಟ್' (ಮೂಲಪಾಠ) ಎಂದು ಮುದ್ರಿಸಿದ ಪ್ರತಿ ಕೊಳ್ಳಿ, ಬೇರೆಯದರಿಂದ ಕಲಿತಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ಗೆರೆಗಳನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ. ಒಂದು ಸಂಜೆಯ ಕೆಲಸ.

ಪ್ರಶ್ನೆ: ಡಿಜಿಟಲ್ ಪಿಯಾನೊದಲ್ಲೇ ಅಭ್ಯಾಸ ಮಾಡಿದರೆ ಆಗದೆ? (ಹಾಸನ)

ಉತ್ತರ: ಕಿವಿಗೆ ಆಗುತ್ತದೆ, ಕೈಗೆ ಆಗುವುದಿಲ್ಲ. ಪಿಯಾನೊಟೆಕ್‌ನಂಥ ತಂತ್ರಾಂಶದಲ್ಲಿ ಹಳೆಯ ವಾದ್ಯಗಳ ನಾದವಿದೆ. ಕೀಬೋರ್ಡಿನ 'ಟಚ್' ಅತಿ ಹಗುರಕ್ಕೆ ಇಟ್ಟರೂ ಕೀ ಇಳಿಯುವ ಆಳ ಬದಲಾಗುವುದಿಲ್ಲ.

ಪ್ರಶ್ನೆ: ಕಮ್ಮಟದಲ್ಲಿ ಶ್ರುತಿ ಮಾಡುವುದನ್ನೂ ಕಲಿಸುತ್ತಾರಂತೆ. ತಂತಿ ಕಡಿದರೆ ಏನು ಗತಿ? (ಹುಬ್ಬಳ್ಳಿ)

ಉತ್ತರ: ಕಲಿಯಲೇಬೇಕು. ಇವು ಪೂರ್ತಿ ಮರದ ಚೌಕಟ್ಟಿನ ವಾದ್ಯಗಳು, ಐದು ಸ್ಥಾಯಿಯದು ನೂರು ಕಿಲೋ ಕೂಡ ತೂಗುವುದಿಲ್ಲ. ಮಳೆ ಬಂದರೆ, ಎ.ಸಿ. ಹಾಕಿದರೆ, ಶ್ರುತಿ ಅಲುಗುತ್ತದೆ. ಕೋಣೆಯ ಆರ್ದ್ರತೆ ಶೇ. 45ರಿಂದ 55ರೊಳಗೆ ನಿಲ್ಲಿಸಲು ಎಲ್ಲರೂ ಹೆಣಗುವುದು ಇದಕ್ಕೇ.

ಬಿರಡೆಗಳು ಸಣ್ಣವು, ತಲೆ ಚಪ್ಪಟೆ. ಇಂದಿನ ಪಿಯಾನೊದ ಟ್ಯೂನಿಂಗ್ ಕೀಲಿ ಹೊಂದುವುದಿಲ್ಲ, ತುರುಕಿದರೆ ಬಿರಡೆ ಹಾಳು. ಹೆಚ್ಚಿನ ಸ್ವರಗಳಿಗೆ ಎರಡೆರಡು ತಂತಿ. ಒಂದನ್ನು ಬೆಣೆಯಿಟ್ಟು ಮೂಕಮಾಡಿ ಇನ್ನೊಂದನ್ನು ಕೂಡಿಸಿ, ಆಮೇಲೆ ಬೆಣೆ ತೆಗೆದು ಎರಡನ್ನೂ ಒಂದು ಮಾಡಬೇಕು. ನಡುವಿನ ಒಂದು ಸ್ಥಾಯಿ ಮೊದಲು, ಉಳಿದದ್ದು ಅದರಿಂದ ಮೇಲಕ್ಕೆ ಕೆಳಕ್ಕೆ. ಬಿರಡೆ ತಿರುಗುವುದು ಕೂದಲೆಳೆಯಷ್ಟು. ಹೊಸಬರ ಮಾಮೂಲಿ ತಪ್ಪೆಂದರೆ ಕೀಲಿಯನ್ನು ಒಂದು ಬಿರಡೆಗೆ ಹಾಕಿ ಇನ್ನೊಂದರ ಸ್ವರ ನುಡಿಸುತ್ತ, 'ಏರುತ್ತಿಲ್ಲವಲ್ಲ' ಎಂದು ತಿರುಗಿಸುತ್ತಲೇ ಹೋಗುವುದು. ಫಟ್ ಎನ್ನುವುದು ಆಗಲೇ. ತಿರುಗಿಸುವ ಮುನ್ನ ತಂತಿಯನ್ನು ಬಿರಡೆಯಿಂದ ಕುದುರೆಯವರೆಗೆ ಕಣ್ಣಲ್ಲಿ ಹಿಂಬಾಲಿಸಿ. ಮೊದಲು ತುಸು ಇಳಿಸಿ, ಸ್ವರ ಇಳಿದದ್ದು ಕೇಳಿದರೆ ಮಾತ್ರ ಏರಿಸಿ.

ಕಡಿದರೆ ನುಡಿಸುವುದು ನಿಲ್ಲಿಸಿ. ತುಂಡು ಒಳಗೆ ಬಿದ್ದಿದ್ದರೆ ಸುತ್ತಿಗೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹುಡುಕಿ ತೆಗೆಸಿ. ಕೀಗಳ ಚೌಕಟ್ಟನ್ನು ನೀವೇ ಹೊರಗೆಳೆಯಬೇಡಿ. ಎಳೆಯುವಾಗ ಒಂದೇ ಒಂದು ಕೀ ಒತ್ತಿಕೊಂಡರೂ ಎದ್ದ ಸುತ್ತಿಗೆ ಬಿರಡೆ ಹಲಗೆಗೆ ಸಿಕ್ಕಿ ಮುರಿಯುತ್ತದೆ. ಬರೀ ತಂತಿ ಕಡಿದಿದ್ದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ, ಸುತ್ತಿಗೆ ಮುರಿದರೆ ಆ ದಿನದ ಪಾಠ ಹೋದ ಹಾಗೆ.

ಪ್ರಶ್ನೆ: ನಮ್ಮ ತೋಟದ ಬಂಗಲೆಯಲ್ಲಿ ಬ್ರಿಟಿಷರ ಕಾಲದ ಪಿಯಾನೊ ಇದೆ. ಮುಂದುಗಡೆ ಮೇಣದಬತ್ತಿ ಇಡುವ ಹಿತ್ತಾಳೆ ಕೈಗಳಿವೆ. ಇದೂ ಫೋರ್ಟೆಪಿಯಾನೊವೆ? ಶ್ರುತಿ ಮಾಡಿಸಿದರೆ ಕಮ್ಮಟಕ್ಕೆ ಮೊದಲು ಅಭ್ಯಾಸಕ್ಕಾದೀತೆ? (ಮಡಿಕೇರಿ)

ಉತ್ತರ: ಗೋಡೆಗೆ ಒರಗಿ ನಿಲ್ಲುವ ವಾದ್ಯವೆಂದು ಊಹಿಸುತ್ತೇವೆ. ಹಾಗಿದ್ದರೆ ಅಲ್ಲ. ಮೇಲಿನ ಮುಚ್ಚಳ ತೆರೆದು ಟಾರ್ಚ್ ಹಾಕಿ. ಎರಕದ ಕಬ್ಬಿಣದ ಚೌಕಟ್ಟು, ಉಣ್ಣೆಯ ಫೆಲ್ಟ್ ಸುತ್ತಿಗೆ ಕಂಡರೆ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯದೋ ಇಪ್ಪತ್ತನೆಯದರ ಮೊದಲಿನದೋ ಆಗಿರುತ್ತದೆ. ಕೀ ಎಣಿಸಿ, 85 ಇದ್ದರೆ ಆ ಊಹೆ ಇನ್ನಷ್ಟು ಗಟ್ಟಿ. ಸುತ್ತಿಗೆಗಳ ಮುಂದೆ ಹಕ್ಕಿಪಂಜರದಂತೆ ತಂತಿಗಳ ಸಾಲು ಇದ್ದರೆ ಡ್ಯಾಂಪರ್‌ಗಳು ಮೇಲ್ಗಡೆ ಇರುವ ಇಂಗ್ಲಿಷ್ ಮಾದರಿ. ಅದು ನಾದವನ್ನು ಸರಿಯಾಗಿ ನಿಲ್ಲಿಸದ ಮಾದರಿ, ಫೋರ್ಟೆಪಿಯಾನೊ ಅಭ್ಯಾಸಕ್ಕೆ ತದ್ವಿರುದ್ಧ. ಬದಲಿಗೆ ಮೇಜಿನಂತೆ ಆಯತಾಕಾರ, ಉದ್ದಬದಿಯಲ್ಲಿ ಕೀ, ಒಳಗೆ ಮರದ ಚೌಕಟ್ಟು ಇದ್ದರೆ ಅದು ಸ್ಕ್ವೇರ್ ಪಿಯಾನೊ. ಆಗ ಏನನ್ನೂ ಮುಟ್ಟದೆ ಫೋಟೊ ತೆಗೆದು ತಿಳಿದವರಿಗೆ ತೋರಿಸಿ.

ನಿಮ್ಮದು ಮೊದಲನೆಯದಾದರೆ ಶ್ರುತಿಗಿಂತ ಮುಂಚೆ ಕೆಳಗಿನ ಹಲಗೆ ಬಿಚ್ಚಿ ಗೆದ್ದಲು ನೋಡಿ. ಬೆನ್ನಿನ ಕಂಬಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ದುಡ್ಡು ಸುರಿಯಬೇಡಿ. ಗಟ್ಟಿಯಿದ್ದರೆ ಮಳೆಗಾಲ ಕಳೆದ ಮೇಲೆ ಶ್ರುತಿ ಮಾಡಿಸಿ, ಒಂದೇ ಸಲಕ್ಕೆ 440ಕ್ಕೆ ಎಳೆಸಬೇಡಿ. ವರ್ಷಗಟ್ಟಲೆ ಸಡಿಲಿದ್ದ, ತುಕ್ಕು ಹಿಡಿದ ತಂತಿ ಸಾಲಾಗಿ ಕಡಿಯುತ್ತದೆ. ಅರ್ಧ ಸ್ವರ ಕೆಳಗೆ ಕೂಡಿಸಿ ನಿಲ್ಲುತ್ತದೆಯೇ ನೋಡಿ. ಬಿಗಿಯಾದ ಕೀಗಳಿಗೆ ಎಣ್ಣೆಯನ್ನಾಗಲಿ ತುಕ್ಕು ಬಿಡಿಸುವ ಸ್ಪ್ರೇಯನ್ನಾಗಲಿ ಹಾಕಲೇಬೇಡಿ, ಅದು ಬಿರಡೆ ಹಲಗೆಗೆ ತಗುಲಿದರೆ ಮುಂದೆ ಯಾವ ಬಿರಡೆಯೂ ಹಿಡಿಯುವುದಿಲ್ಲ.

ಕೊಡುವ, ಮಾರುವ ಯೋಚನೆ ಇದ್ದರೆ ಬಿಳಿ ಕೀಗಳನ್ನು ಹತ್ತಿರದಿಂದ ನೋಡಿ. ಪ್ರತಿಯೊಂದರ ಮೇಲೂ ಅಡ್ಡ ಕೂಡುಗೆರೆ, ಉದ್ದಕ್ಕೆ ಸಣ್ಣ ನಾರುಗೆರೆ ಕಂಡರೆ ಅದು ಆನೆದಂತವಿರಬಹುದು. ದಂತದ ವ್ಯಾಪಾರವನ್ನು ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಗಿರಾಕಿಯ ಜೊತೆ ಮಾತಾಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.